ಇಪ್ಪತ್ತೇಳು ಜನರ ಶಾಲು

ಅರ್ಜಿಯ ಆರನೆಯ ಪುಟ ಮುಗಿಯುವವರೆಗೂ ಭೋಜರಾಜನ ಮನೆಯಲ್ಲಿ ಯಾರಿಗೂ ಯಾರ ಮೇಲೂ ಸಿಟ್ಟಿರಲಿಲ್ಲ.

ಮೋಕ್ಷಿತಾ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಬರೆಯುತ್ತಿದ್ದಳು, ಉಳಿದವರು ಉಣ್ಣುತ್ತಿದ್ದರು. ಮಂಗಳೂರಿನ ಒಂದು ಕಾಲೇಜಿನಲ್ಲಿ ಅವಳಿಗೆ ಫಿಸಿಯೋಥೆರಪಿಯ ಸೀಟು ಸಿಕ್ಕಿತ್ತು. ಹಾಸ್ಟೆಲೂ ಸೇರಿ ಮೊದಲ ವರ್ಷಕ್ಕೆ ಒಂದು ಲಕ್ಷದ ನಲವತ್ತು ಸಾವಿರ. ಆಗಸ್ಟ್ ಹತ್ತರೊಳಗೆ ಕಟ್ಟದಿದ್ದರೆ ಸೀಟು ಮುಂದಿನವರ ಪಾಲು. ಮುಂಬಯಿಗೆ ಹೋಗಿ ನೆಲೆಸಿದ ಊರಿನವರು ಕೂಡಿ ನಡೆಸುವ ವಿದ್ಯಾನಿಧಿಯೊಂದು ಬಡ ಮಕ್ಕಳಿಗೆ ಸಹಾಯ ಕೊಡುತ್ತದೆಂದು ಕೇಳಿ, ಕುಂದಾಪುರದಿಂದ ಎಂಟು ಪುಟದ ಅರ್ಜಿ ತಂದಿದ್ದಾಯಿತು. ಹೆಸರು, ಅಂಕ, ಮನೆಯ ಗೋಡೆ ಯಾವುದರದು, ಮಾಡು ಯಾವುದರದು ಎಂದು ಆರು ಪುಟ ಸುಖವಾಗಿ ಸಾಗಿ, ಏಳನೆಯದರ ‘ಸ್ವಂತ ದೋಣಿ ಇದೆಯೇ?’ ಎಂಬಲ್ಲಿ ಲೇಖನಿ ನಿಂತಿತು.

“ಅಪ್ಪಯ್ಯ, ನಮ್ಗೆ ದೋಣಿ ಇತ್ತಾ?”

ಭೋಜರಾಜನ ಕೈಯ ತುತ್ತು ಬಾಯಿಯ ಬಳಿ ತಂಗಿತು.

“ಇದೆಂತ ಪ್ರಶ್ನೆ!” ಎಂದಳು ಅಜ್ಜಿ ರಾಜೀವಿ. “ಊರಿಗೇ ಗೊತ್ತಿತ್ತ್. ಇತ್ತ್ ಅಂತ ಬರಿ. ದೊಡ್ಡ ಅಕ್ಷರ್ದಲ್ ಬರಿ.”

“ಇಲ್ಲೆ ಅಂತ ಬರಿ,” ಎಂದಳು ತಾಯಿ ವನಜ, ಬಂಗುಡೆ ಸಾರಿನ ಪಾತ್ರೆಯಿಂದ ಕಣ್ಣೆತ್ತದೆ.

“ಒಂದ್ ಮನಿ, ಎರಡ್ ಉತ್ತರ,” ಎಂದಳು ಮೋಕ್ಷಿತಾ. “ಇಲ್ ಒಂದೇ ಗೆರಿ ಇಪ್ದ್.”

ಎರಡೂ ಉತ್ತರಗಳು ನಿಜವಾಗಿದ್ದುದೇ ತೊಂದರೆ. ಒಂದು ಬದಿ ಕಡಲು, ಒಂದು ಬದಿ ಹೊಳೆಯಿರುವ ಮರವಂತೆಯ ದಡದಲ್ಲಿ ‘ಗಂಗಾಪ್ರಸಾದ’ ಎಂಬ ದೋಣಿಯಿತ್ತು. ಇಪ್ಪತ್ತೇಳು ಜನ ಕೂಡಿ ಕೊಂಡ ದೋಣಿ; ಇಪ್ಪತ್ತೇಳು ಜನ ಕೂಡಿ ಎಳೆಯುವ ಬಲೆ. ಒಂಬತ್ತು ವರ್ಷದ ಹಿಂದೆ ಅದನ್ನು ನೋಂದಾಯಿಸಲು ಹೋದಾಗ, ಕಾಗದದಲ್ಲಿ ಒಬ್ಬನ ಹೆಸರು ಸಾಕು, ಆದರೆ ಅವನಿಗೆ ಪಾನ್ ಕಾರ್ಡ್ ಇರಬೇಕು ಎಂದರು. ಇಪ್ಪತ್ತೇಳು ಜನರಲ್ಲಿ ಅದಿದ್ದದ್ದು ಭೋಜರಾಜನಿಗೊಬ್ಬನಿಗೆ; ಹರೆಯದಲ್ಲಿ ಮೂರು ವರ್ಷ ಅಂಧೇರಿಯ ಕ್ಯಾಂಟೀನಿನಲ್ಲಿ ದುಡಿದು ಅವನು ಗಳಿಸಿ ತಂದ ಏಕಮಾತ್ರ ಸಂಪತ್ತು ಅದು. ಹೀಗೆ ದೋಣಿ ಅವನ ಹೆಸರಿಗಾಯಿತು. ಮೀನು ಮಾರಿದ ಹಣವೆಲ್ಲ ಅವನ ಖಾತೆಗೆ ಬಂದು, ಮರುದಿನವೇ ಇಪ್ಪತ್ತೇಳು ಪಾಲಾಗಿ ಹೊರಟುಹೋಗುತ್ತಿತ್ತು. ಅವನಿಗೆ ಉಳಿಯುತ್ತಿದ್ದದ್ದು ಒಂದು ಪಾಲು. ಗೌರವ ಮಾತ್ರ ಇಪ್ಪತ್ತೇಳು ಪಾಲೂ ಅವನಿಗೇ ಉಳಿಯಿತು. ಅಂಗಡಿಯವರು ‘ಯಜಮಾನ್ರೆ’ ಎಂದರು. ಎರಡು ವರ್ಷದ ಹಿಂದೆ ಶಾಲೆಯ ವಾರ್ಷಿಕೋತ್ಸವದಲ್ಲಿ ‘ದೋಣಿ ಮಾಲಕರಾದ ಶ್ರೀ ಭೋಜರಾಜರಿಗೆ’ ಜರಿಯಂಚಿನ ಕೆಂಪು ಶಾಲು ಹೊದಿಸಿದರು. ಆ ಗಳಿಗೆಯ ಫೋಟೊ ಚಾವಡಿಯ ಗೋಡೆಯಲ್ಲಿತ್ತು. ಶಾಲು ಪ್ಲಾಸ್ಟಿಕ್ ಚೀಲದೊಳಗೆ, ಕಪಾಟಿನಲ್ಲಿ, ನುಸಿಗುಳಿಗೆಯ ಪರಿಮಳದಲ್ಲಿ ಮಲಗಿತ್ತು.

“ದೋಣಿ ಇತ್ತ್ ಅಂತ ಬರಿ. ಕೆಳ್ಗೆ ಸಣ್ಣಕ್ಕೆ ಪಾಲ್ ಒಂದ್ ಅಂತ ಬರಿ,” ಎಂದು ಭೋಜರಾಜ ಕೈತೊಳೆಯಲು ಎದ್ದ.

“ಮರ್ಯಾದಿ ದೊಡ್ಡದಾಯ್, ನಿಜ ಸಣ್ಣದಾಯ್,” ಎಂದಳು ವನಜ.

*

ವಿದ್ಯಾನಿಧಿಯ ಕಚೇರಿ ಕುಂದಾಪುರದಲ್ಲಿ ಒಂದು ಪಾತ್ರೆ ಅಂಗಡಿಯ ಮಹಡಿಯಲ್ಲಿತ್ತು. ಅರ್ಜಿಗಳನ್ನು ನೋಡುವವರು ಬ್ರಹ್ಮಾವರದ ರತ್ನಾಕರ. ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಅವರು ಅರ್ಜಿಯನ್ನು ಓದಲಿಲ್ಲ. ನೇರವಾಗಿ ಪಾಸ್‌ಬುಕ್ ಬಿಡಿಸಿದರು. ಅವರ ಹುಬ್ಬು ಪುಟಪುಟಕ್ಕೂ ಒಂದೊಂದು ಮೆಟ್ಟಿಲು ಏರಿತು.

“ವರ್ಷದಲ್ಲಿ ಮೂವತ್ತೊಂದು ಲಕ್ಷ ಬಂದಿದೆಯಲ್ಲ?”

“ಬಂದಿತ್ ಸರ್. ಹೋಯಿತ್ ಕೂಡ. ಕೆಳ್ಗಿನ ಸಾಲ್ ಕಾಣಿ.”

“ಇಂಥ ಬಡವರನ್ನು ನಾನು ನನ್ನ ನೌಕರಿಯಲ್ಲೇ ಕಂಡಿಲ್ಲ.”

“ಅದ್ ನಂದಲ್ಲ ಮಾರಾಯ್ರೆ! ಇಪ್ಪತ್ತೇಳ್ ಜನದ್. ನನ್ನ ಖಾತಿ ಅಂದ್ರೆ ಬಸ್‌ಸ್ಟ್ಯಾಂಡ್ ಇದ್ದಂಗೆ. ಎಲ್ಲ ಬತ್ತ್, ಎಲ್ಲ ಹೋತ್ತ್.”

ರತ್ನಾಕರರು ಕನ್ನಡಕ ತೆಗೆದು ಒರೆಸಿದರು. “ನಾನು ನಂಬಬಹುದು. ಮುಂಬಯಿಯಲ್ಲಿ ಕುಳಿತವರು ನಂಬುವುದಿಲ್ಲ. ದೋಣಿ ನಿಮ್ಮೊಬ್ಬರದ್ದಲ್ಲವೆಂದು ಉಳಿದ ಇಪ್ಪತ್ತಾರು ಮಂದಿಯೂ ಸಹಿ ಮಾಡಿದ ಕಾಗದ ಬೇಕು. ಒಬ್ಬರದೂ ತಪ್ಪಬಾರದು. ಜುಲೈ ಮೂವತ್ತೊಂದು ಕೊನೆಯ ದಿನ. ನಡುವೆ ಒಮ್ಮೆ ನಾನು ಮನೆ ನೋಡಲು ಬರುತ್ತೇನೆ.”

ಭೋಜರಾಜ ಪಾಸ್‌ಬುಕ್ಕನ್ನು ಮಡಚಿ ಜೇಬಿಗೆ ತುರುಕುತ್ತ ಮೆಟ್ಟಿಲಿಳಿದ. ಬಸ್ಸಿಗೆ ಕಾಯುತ್ತ ಮೋಕ್ಷಿತಾ ಹೇಳಿದಳು: “ನಿಮ್ಗೆ ಮನಸ್ಸಿಲ್ದಿದ್ರೆ ಬ್ಯಾಡ ಅಪ್ಪಯ್ಯ. ಕೋಟೇಶ್ವರದ ಮೆಡಿಕಲ್ ಅಂಗ್ಡಿಗೆ ಹೆಣ್‌ಮಕ್ಕಳ್ ಬೇಕಂಬ್ರ್. ತಿಂಗ್ಳಿಗೆ ಎಂಟ್ ಸಾವ್ರ.”

“ಮಾತ್ರೆ ಕಟ್ಟುಕೆ ನೀ ತೊಂಬತ್ಮೂರ್ ಪರ್ಸೆಂಟ್ ತೆಗ್ದದ್ದಾ?” ಎಂದು ಅವನು ಗದರಿದ. ಬಸ್ಸು ಬಂತು. ಸೀಟು ಒಂದೇ ಇತ್ತು. ಅವಳನ್ನು ಕೂರಿಸಿ ಅವನು ನಿಂತ.

*

ಕಾಗದವನ್ನು ಮೋಕ್ಷಿತಾಳೇ ಬರೆದಳು. ‘ಗಂಗಾಪ್ರಸಾದ ದೋಣಿಯು ಶ್ರೀ ಭೋಜರಾಜರ ಸ್ವಂತದ್ದಲ್ಲವೆಂದು ಕೆಳಗೆ ಸಹಿ ಮಾಡಿದ ನಾವು ದೃಢೀಕರಿಸುತ್ತೇವೆ.’ ದಡದಲ್ಲಿ ಬಲೆ ಹೊಲಿಯುತ್ತ ಕುಳಿತವರ ನಡುವೆ ಎಲ್ಲರಿಗಿಂತ ಕಿರಿಯನಾದ ಅಕ್ಷಯ್ ಅದನ್ನು ವಾರ್ತೆಯಂತೆ ಗಟ್ಟಿಯಾಗಿ ಓದಿದ. ನಕ್ಕು ನಕ್ಕು ಇಬ್ಬರು ಬಲೆಯಲ್ಲಿ ಬೆರಳು ಸಿಕ್ಕಿಸಿಕೊಂಡರು. ನಾಲ್ಕು ದಿನದಲ್ಲಿ ಇಪ್ಪತ್ತೈದು ಸಹಿಗಳಾದವು. ಅವುಗಳಲ್ಲಿ ಮೂರು ಹೆಬ್ಬೆಟ್ಟು, ಒಂದರ ಮೇಲೆ ಬಂಗುಡೆಯ ಹೊಳಪು.

ಉಳಿದವನು ಗುಡ್ಡ. ದೋಣಿಯ ಚುಕ್ಕಾಣಿ ಅರುವತ್ತೈದರ ಈ ಮುದುಕನ ಕೈಯಲ್ಲಿತ್ತು. ಮಾತಿನ ಚುಕ್ಕಾಣಿ ಯಾರ ಕೈಯಲ್ಲೂ ಇರಲಿಲ್ಲ.

“ದೋಣಿ ನಿನ್ದಲ್ಲ ಅಂತ ನಾ ಒಂಬತ್ ವರ್ಷದಿಂದ ಹೇಳ್ತಾ ಇದ್ದೆ,” ಎಂದ ಗುಡ್ಡ. “ಈಗ ಅದನ್ನೇ ಬರ್ದ್ ಕೊಡ್ಕಾ?”

“ಹೌದ್ ಗುಡ್ಡಣ್ಣ. ಹೆಣ್ಣಿನ ಓದಿಗೆ.”

“ಕೊಡ್ತೆ. ಆದ್ರೆ ಒಂದ್ ಮಾತ್. ಆ ಕೆಂಪ್ ಶಾಲ್ ಯಾರ್ದ್?”

“ಅದ್… ನಂಗೆ ಹೊದ್ಸದ್ದ್.”

“ದೋಣಿಗೆ ಹೊದ್ಸದ್ದ್. ದೋಣಿಗೆ ಹೆಗಲಿಲ್ಲೆ, ಅದ್ಕೆ ನಿಂಗೆ ಹೊದ್ಸದ್ದ್. ದೋಣಿ ಇಪ್ಪತ್ತೇಳ್ ಜನದ್ದಾರೆ ಶಾಲೂ ಇಪ್ಪತ್ತೇಳ್ ಜನದ್. ವಾರಕ್ ಒಬ್ರ್ ಹೊದ್ಕಂಬ. ಸುರು ನಂದ್. ಮತ್ತೆ ಅಕ್ಷಯಂದ್.”

ದಡದ ನಗೆ ಭೋಜರಾಜನ ಬೆನ್ನಿಗೆ ಮನೆಯವರೆಗೂ ಅಂಟಿಕೊಂಡು ಬಂತು.

“ಕೊಡುದಿಲ್ಲೆ,” ಎಂದ ಅವನು ಊಟಕ್ಕೆ ಕುಳಿತವನೇ. “ಸೀಟ್ ಹೋದ್ರೂ ಹೋಯ್ಲಿ.”

“ಶಾಲ್ ಹಾಸ್ಕಂಡ್ ಉಣ್ಣಿ ಹಾಂಗಾರೆ,” ಎಂದು ವನಜ ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು. “ನಾ ಬೆಳಿಗ್ಗೆ ಐದಕ್ಕೆ ಎದ್ದ್ ಮೀನ್‌ಬುಟ್ಟಿ ಹೊತ್ತ್ ಮನಿಮನಿ ತಿರ್ಗುದ್. ನಂಗ್ಯಾರ್ ಶಾಲ್ ಹೊದ್ಸಿದ್ರ್?”

“ನೀ ಸುಮ್ನಿರ್ ವನಜ,” ಎಂದಳು ರಾಜೀವಿ. “ಶಾಲ್ ಊರೆಲ್ಲ ತಿರ್ಗ್ರೆ ಹಂಗಾರಕಟ್ಟಿಗೂ ಗೊತ್ತಾತ್ತ್. ಶ್ರೀಲತನ ಮಾವ ಎಂತ ಹೇಳುದ್?”

ಅಸಲು ಭಯ ಅದು. ಹಿರಿಯ ಮಗಳು ಶ್ರೀಲತಾಳನ್ನು ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಮಂಜಯ್ಯನ ಮಗನಿಗೆ ಕೊಟ್ಟಿದ್ದರು. ನಿಶ್ಚಯದ ದಿನ ರಾಜೀವಿ ಕಡಲಿನತ್ತ ಕೈ ತೋರಿಸಿ ‘ನಮ್ಮ ದೋಣಿ’ ಎಂದಿದ್ದಳು. ಸುಳ್ಳಲ್ಲ. ಆದರೆ ಆ ‘ನಮ್ಮ’ದಲ್ಲಿ ಇನ್ನೂ ಇಪ್ಪತ್ತಾರು ಜನ ಕುಳಿತಿದ್ದಾರೆಂದು ಅವಳು ಹೇಳಿರಲಿಲ್ಲ. ಆಮೇಲೆ ಮಂಜಯ್ಯ ಬಂದಾಗಲೆಲ್ಲ ಯಜಮಾನರ ಮನೆಗೆ ತಕ್ಕಂತೆ ದುಬಾರಿಯ ಅಂಜಲ್ ಮೀನು ಹುರಿಯಬೇಕಾಗುತ್ತಿತ್ತು. ಇವರು ಹಂಗಾರಕಟ್ಟೆಗೆ ಹೋದರೆ ಅಲ್ಲಿಯೂ ಅಂಜಲ್ಲೇ. ಹಬ್ಬವಾದ ಮರುವಾರ ಎರಡೂ ಮನೆಗಳಲ್ಲಿ ಬರಿಯ ಗಂಜಿ ಬೇಯುತ್ತಿತ್ತೆಂಬುದು ಆಯಾ ಮನೆಯ ಒಲೆಗಷ್ಟೇ ಗೊತ್ತು.

ಮೋಕ್ಷಿತಾ ಅಜ್ಜಿಯ ಮಂಡಿಗೆ ಎಣ್ಣೆ ತಿಕ್ಕುತ್ತ ಕುಳಿತಳು. ಅಂದು ಸ್ವಲ್ಪ ಜೋರಾಗಿಯೇ ತಿಕ್ಕಿದಳು.

“ಹೆಣೆ, ಇದ್ ಮಂಡಿ! ಕಾಯಿ ತುರುದಲ್ಲ!”

*

ಜುಲೈ ಇಪ್ಪತ್ತಾರರ ಬೆಳಿಗ್ಗೆ ಎರಡು ಫೋನ್ ಬಂದವು. ಮೊದಲನೆಯದು ಶ್ರೀಲತಾಳದ್ದು: “ಮಾವ ಇವತ್ ನಿಮ್ಮಲ್ಲಿಗ್ ಬತ್ತಿದ್ರ್. ಎಂತಕ್ ಅಂತ ಹೇಳ್ಲಿಲ್ಲೆ.” ರಾಜೀವಿ ಕೂಡಲೇ ಅಂಜಲ್ ತರಿಸಿ ಮಸಾಲೆ ಹಚ್ಚಿಟ್ಟಳು. ಅರ್ಧ ಗಂಟೆಯ ಮೇಲೆ ಎರಡನೆಯದು, ರತ್ನಾಕರರದ್ದು: “ಇವತ್ತು ಮನೆ ನೋಡಲು ಬರುತ್ತೇನೆ.”

ವನಜ ಒಲೆಯ ಮೇಲಿಂದ ಪಾತ್ರೆ ಕೆಳಗಿಟ್ಟಳು.

“ಒಬ್ರಿಗೆ ನಮ್ಗ್ ದೋಣಿ ಇತ್ತ್. ಇನ್ನೊಬ್ರಿಗೆ ಇಲ್ಲೆ,” ಎಂದಳು ವನಜ. “ಎಂತ ಮಾಡುದ್?”

“ಒಬ್ರನ್ನ ಕಡಲ್ ಬದಿಗ್ ಕೂರ್ಸುವ, ಒಬ್ರನ್ನ ಹೊಳಿ ಬದಿಗೆ,” ಎಂದಳು ಮೋಕ್ಷಿತಾ. ಯಾರೂ ನಗಲಿಲ್ಲ, ಎಲ್ಲರೂ ಅದನ್ನು ಯೋಚಿಸಿದರು.

ಕೊನೆಗೆ ಎರಡು ಅಡುಗೆಯಾಯಿತು. ಬೀಗರಿಗೆ ಅಂಜಲ್, ರತ್ನಾಕರರಿಗೆ ಬಡತನ ಎದ್ದು ಕಾಣುವಂತೆ ಗಂಜಿ ಮತ್ತು ಮಾವಿನಮಿಡಿ. ವನಜ ಬಂದು ಶಾಲಿನ ಫೋಟೊವನ್ನು ಗೋಡೆಯತ್ತ ಮುಖಮಾಡಿ ತಿರುಗಿಸಿದಳು. ಅವಳು ಒಳಹೋದೊಡನೆ ರಾಜೀವಿ ಕುಂಟುತ್ತ ಬಂದು ನೆಟ್ಟಗೆ ಮಾಡಿದಳು. ಹನ್ನೊಂದು ಗಂಟೆಯೊಳಗೆ ಆ ಫೋಟೊ ಐದು ಸಲ ಮಗುಚಿಕೊಂಡಿತು.

ಹನ್ನೆರಡಕ್ಕೆ ಮಳೆ ಹೊಯ್ದು ಬಂತು. ಹೆದ್ದಾರಿಯಲ್ಲಿ ಬಸ್ಸು ನಿಂತಿತು. ಮಂಜಯ್ಯನೂ ರತ್ನಾಕರರೂ ಒಂದೇ ಬಸ್ಸಿನಿಂದಿಳಿದು, ಒಂದೇ ಕೊಡೆಯಡಿಯಲ್ಲಿ, ಹಳೆಯ ಗೆಳೆಯರ ಹಾಗೆ ಅಂಗಳಕ್ಕೆ ಬಂದರು.

“ಬನ್ನಿ, ಕೂಕಣಿ,” ಎಂದ ಭೋಜರಾಜ. ಯಾರನ್ನು ನೋಡಿ ಹೇಳುವುದೆಂದು ತಿಳಿಯದೆ ನಡುವಿನ ಕೊಡೆಯನ್ನು ನೋಡಿ ಹೇಳಿದ.

ರತ್ನಾಕರರು ಕುಳಿತರು. “ಇವರು ದಾರಿಯಲ್ಲಿ ಹೇಳಿದರು, ತಮ್ಮ ಬೀಗರು ಮರವಂತೆಯ ದೊಡ್ಡ ದೋಣಿಯ ಯಜಮಾನರಂತೆ.”

“ಸಣ್ಣ ದೋಣಿಯಾ ಅದ್?” ಎಂದ ಮಂಜಯ್ಯ ಹೆಮ್ಮೆಯಿಂದ. “ಮೂವತ್ ಲಕ್ಷದ್! ಅಲ್ ಕಾಣಿ, ಸನ್ಮಾನದ ಫೋಟೊ.”

ಫೋಟೊದ ಸರದಿ ಆಗ ರಾಜೀವಿಯದ್ದಾಗಿತ್ತು. ಜರಿಶಾಲಿನ ಭೋಜರಾಜ ಗೋಡೆಯಿಂದ ಎಲ್ಲರನ್ನೂ ನೋಡಿ ನಗುತ್ತಿದ್ದ. ಅದರ ಕೆಳಗೆ ಕುಳಿತ ಭೋಜರಾಜ ಬೆವರುತ್ತಿದ್ದ.

“ಮೊದ್ಲ್ ಊಟ,” ಎಂದಳು ವನಜ. ಬೇರೆ ಉಪಾಯ ತೋಚಲಿಲ್ಲ.

ಬಾಳೆಲೆಯಲ್ಲಿ ಮಂಜಯ್ಯನ ಮುಂದೆ ಅಂಗೈಯಗಲದ ಎರಡು ಅಂಜಲ್ ತುಂಡು ಬಂದವು. ಪಕ್ಕದಲ್ಲಿ ರತ್ನಾಕರರಿಗೆ ಬಟ್ಟಲಿನಲ್ಲಿ ಗಂಜಿ ಬಂತು. ಇಬ್ಬರೂ ಪರಸ್ಪರರ ಊಟವನ್ನು ನೋಡಿದರು.

“ಇವ್ರಿಗೆ ಮೀನ್ ಹಾಕ್ಲಿಲ್ಲ್ಯಾ?” ಎಂದ ಮಂಜಯ್ಯ.

“ಅವ್ರ್ ಗಂಜಿಯೇ ಉಂಬುದ್,” ಎಂದಳು ವನಜ.

“ನಾನು ಹಾಗೆ ಹೇಳಿಲ್ಲವಲ್ಲ,” ಎಂದರು ರತ್ನಾಕರರು ಮೆಲ್ಲಗೆ. ಬಟ್ಟಲನ್ನು ಬದಿಗಿಟ್ಟು ಕಡತ ತೆಗೆದು, ಮೋಕ್ಷಿತಾ ಕೊಟ್ಟಿದ್ದ ಸಹಿಗಳ ಕಾಗದ ಬಿಡಿಸಿದರು. “ನೋಡಿ, ನನಗೆ ವಯಸ್ಸಾಯಿತು, ಗೊಂದಲ ತಡೆದುಕೊಳ್ಳಲು ಆಗುವುದಿಲ್ಲ. ಈ ಕಾಗದದಲ್ಲಿ ದೋಣಿ ನಿಮ್ಮದಲ್ಲ. ಈ ಗೋಡೆಯಲ್ಲಿ ನಿಮ್ಮದು. ಈ ಗಂಜಿಯಲ್ಲಿ ನಿಮ್ಮದಲ್ಲ, ಆ ಮೀನಿನಲ್ಲಿ ನಿಮ್ಮದು. ಒಂದು ಮಾತಿನಲ್ಲಿ ಹೇಳಿ ಭೋಜರಾಜರೇ. ನಿಮ್ಮದೋ, ಅಲ್ಲವೋ?”

ಭೋಜರಾಜ ಮಂಜಯ್ಯನನ್ನು ನೋಡಿದ. ತಾಯಿ ರಾಜೀವಿಯನ್ನು ನೋಡಿದ; ಅವಳು ಬೇಡವೆಂಬಂತೆ ಕಣ್ಣಲ್ಲೇ ತಡೆಯುತ್ತಿದ್ದಳು. ಬಾಗಿಲಿಗೆ ಆನಿಸಿಕೊಂಡು ಮೋಕ್ಷಿತಾ ನಿಂತಿದ್ದಳು, ಕೈಯಲ್ಲಿ ನೀರಿನ ತಂಬಿಗೆ. ಅದು ತುಂಬಿತ್ತು, ಸ್ವಲ್ಪ ಸ್ವಲ್ಪವೇ ತುಳುಕುತ್ತಿತ್ತು.

“ನಂದಲ್ಲ,” ಎಂದ ಭೋಜರಾಜ. “ಇಪ್ಪತ್ತೇಳ್ರಲ್ ಒಂದ್ ಪಾಲ್ ನಂದ್. ಹೆಸ್ರ್ ಮಾತ್ರ ನಂದ್. ಹೆಸ್ರಿಟ್ಕಂಡ್ ಮಗಳ ಫೀಸ್ ಕಟ್ಟುಕ್ ಆತಿಲ್ಲೆ.”

ಮಂಜಯ್ಯನ ಬಾಯಿಯಲ್ಲಿ ಅಂಜಲ್ ನಿಂತಿತು.

“ಒಂದೇ ಪಾಲಾ?”

“ಒಂದೇ.”

“ಹಾಂಗಾರೆ ನಾ ಬಂದದ್ದ್ ದಂಡ,” ಎಂದು ಮಂಜಯ್ಯ ಎಡಗೈಯಿಂದ ಅಂಗಿಯ ಜೇಬಿನ ಮಡಚಿದ ಕಾಗದವೊಂದನ್ನು ಎಳೆದು ನೆಲಕ್ಕಿಟ್ಟ. “ನಂಗ್ ಒಂದ್ ಸಾಲ ಬೇಕಿತ್ತ್. ಬ್ಯಾಂಕಿನವ್ರ್, ಆಸ್ತಿ ಇದ್ದವ್ರ ಜಾಮೀನ್ ತನ್ನಿ ಅಂದ್ರ್. ನಂಗ್ ಗೊತ್ತಿದ್ದ ಆಸ್ತಿವಂತ್ರ್ ನೀವೊಬ್ರೇ.”

“ನಿಮ್ಗೆ ಸಾಲವಾ?” ರಾಜೀವಿ ಗೋಡೆ ಹಿಡಿದು ಮುಂದೆ ಬಂದಳು.

“ಹೊಸ ದೋಣಿ ಕಟ್ಟದೆ ಒಂದೂವರೆ ವರ್ಷ ಆಯ್ತ್ ಅಮ್ಮ. ಬರೀ ತೇಪಿ ಹಚ್ಚುದ್.”

“ಮತ್ತೆ ನಾವ್ ಬಂದಾಗೆಲ್ಲ ಅಷ್ಟಷ್ಟ್ ದೊಡ್ಡ ಅಂಜಲ್ ಹಾಕ್ತ್ರಿ ಅಲ್ದಾ?”

“ನೀವ್ ಹಾಕ್ತ್ರಿ ಅಲ್ದಾ, ಅದ್ಕೆ!”

ಮೊದಲು ನಕ್ಕವಳು ವನಜ. ಸೆರಗು ಬಾಯಿಗೊತ್ತಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಪಾತ್ರೆ ಬಿದ್ದ ಸದ್ದು ಕೇಳಿಸಿತು. ಮಂಜಯ್ಯನ ಹೊಟ್ಟೆ ಕುಲುಕತೊಡಗಿತು. ಎರಡು ವರ್ಷ ಎರಡು ಮನೆಗಳು ಒಂದನ್ನೊಂದು ಹೆದರಿಸಲು ತಿನ್ನಿಸಿದ ಮೀನೆಲ್ಲ ಅವರ ನಡುವೆ ಎದ್ದು ಈಜಿದಂತಾಯಿತು.

ರತ್ನಾಕರರು ಮಂಜಯ್ಯನ ಕಾಗದವನ್ನು ಎತ್ತಿ ಓದಿದರು. “ಇದನ್ನು ಹಿಡಿದುಕೊಂಡು ಒಮ್ಮೆ ಬ್ರಹ್ಮಾವರಕ್ಕೆ ಬನ್ನಿ, ದಾರಿಯಿದೆಯೋ ನೋಡೋಣ. ಈಗ ಇಲ್ಲಿ ಸಾಕ್ಷಿಯ ಸಹಿ ಮಾಡಿ. ‘ಅರ್ಜಿದಾರರ ತಂದೆಗೆ ದೋಣಿಯಲ್ಲಿ ಒಂದೇ ಪಾಲು ಎಂಬುದು ನನ್ನ ಎದುರಿನಲ್ಲೇ ತಿಳಿದುಬಂತು.’ ನಿಮಗಿಂತ ನಂಬಿಕೆಯ ಸಾಕ್ಷಿ ಸಿಗುವುದಿಲ್ಲ.”

ಜಾಮೀನಿಗೆ ಬಂದವನು ಬಡತನಕ್ಕೆ ಸಾಕ್ಷಿ ಹಾಕಿದ. ಕಡತ ಮುಚ್ಚುವ ಮೊದಲು ರತ್ನಾಕರರು ಬೆರಳಿನಿಂದ ಸಹಿಗಳನ್ನು ಎಣಿಸಿ, ಆ ಕಾಗದವನ್ನು ಹಿಂದಿರುಗಿಸಿದರು. “ಇಪ್ಪತ್ತೈದೇ ಇವೆ. ಗುಡ್ಡ ಎಂಬವರದ್ದು ಮೂವತ್ತೊಂದರೊಳಗೆ ಬರಬೇಕು.” ಆಮೇಲೆ ಸ್ವಲ್ಪ ನಾಚಿಕೊಂಡು, “ಇನ್ನು ನನಗೂ ಒಂದು ತುಂಡು ಮೀನು ಹಾಕಬಹುದಲ್ಲ?” ಎಂದರು.

ರಾಜೀವಿ ಗೆದ್ದವಳಂತೆ ಎರಡು ಹಾಕಿದಳು.

*

ದೊಡ್ಡದನ್ನು ಇಳಿಸಿದವನಿಗೆ ಸಣ್ಣದು ಭಾರವಾಗಲಿಲ್ಲ. ಮರುದಿನ ಬೆಳಿಗ್ಗೆ ಭೋಜರಾಜ ದಡಕ್ಕೆ ಹೋಗಿ, ಎಲ್ಲರೆದುರು, ಪ್ಲಾಸ್ಟಿಕ್ ಚೀಲದಿಂದ ಶಾಲು ತೆಗೆದು ಗುಡ್ಡನ ಬರಿಮೈಗೆ ಹೊದಿಸಿದ. ಅಕ್ಷಯ್ ಚಪ್ಪಾಳೆ ಹೊಡೆದ. ಗುಡ್ಡ ಒಂದು ನಿಮಿಷ ಏನೂ ಮಾತಾಡಲಿಲ್ಲ. ಅದು ಅವನ ಜೀವಮಾನದ ದಾಖಲೆ. ಆಮೇಲೆ ಅದರ ಅಂಚನ್ನು ಮೂಸಿ, “ನುಸಿಗುಳಿಗಿ ವಾಸ್ನಿ ಮಾರಾಯ,” ಎಂದು ಸಹಿ ಹಾಕಿದ.

ಆಗಸ್ಟ್ ನಾಲ್ಕಕ್ಕೆ ಒಪ್ಪಿಗೆಯ ಪತ್ರ ಬಂತು. ವಿದ್ಯಾನಿಧಿ ಒಂದು ಲಕ್ಷ ಕೊಡುತ್ತದೆ; ಪ್ರತಿ ವರ್ಷವೂ ಅರ್ಜಿಯನ್ನು ಹೊಸದಾಗಿ, ಎಲ್ಲ ಸಹಿಗಳೊಡನೆ, ಸಲ್ಲಿಸತಕ್ಕದ್ದು.

“ವರ್ಷವರ್ಷವೂ ಬಡವ್ರ್ ಅಂತ ಹೇಳ್ಕಂಬ್ದಾ?” ಎಂದಳು ರಾಜೀವಿ.

“ಇಪ್ದನ್ನ ಹೇಳುಕೆ ಎಂತ ಕಷ್ಟ ಅತ್ತೆ?” ಎಂದಳು ವನಜ. ಉಳಿದ ನಲವತ್ತು ಸಾವಿರಕ್ಕೆ ತನ್ನ ಎರಡು ಬಳೆ ಅಡವಿಡುವುದೆಂದು ಅವಳು ಅದಾಗಲೇ ಲೆಕ್ಕ ಹಾಕಿದ್ದಳು.

ಬಳೆ ಕೈಯಲ್ಲೇ ಉಳಿಯಿತು. ಕಡಲು ತಿಳಿಯಾಗಿ, ಗಂಗಾಪ್ರಸಾದ ಮೂರು ದಿನ ಒಂದೇ ಸಮನೆ ಮೀನು ತಂದಿತು. ಪಾಲು ಹಂಚುವ ಹೊತ್ತಿಗೆ ಗುಡ್ಡ, ಬಿಸಿಲಲ್ಲೂ ಶಾಲು ಹೊದ್ದುಕೊಂಡೇ, ಕೈ ಅಡ್ಡ ಹಿಡಿದ.

“ಇವತ್ ಇಪ್ಪತ್ತೆಂಟ್ ಪಾಲ್ ಮಾಡ್ಕ್.”

“ಇಪ್ಪತ್ತೆಂಟನೇದ್ ಯಾರ್ದ್?” ಎಂದ ಅಕ್ಷಯ್.

“ಶಾಲಿನ ಬಾಡ್ಗಿ. ಧರ್ಮಕ್ ಹೊದ್ಕಂಬ್ದಾ? ಮೂರ್ ದಿನದ್ದೂ ಕೊಡ್ಕ್.”

ಯಾರೂ ಚರ್ಚಿಸಲಿಲ್ಲ. ಮೂರು ದಿನದ ಬಾಡಿಗೆಯೂ ಭೋಜರಾಜನ ಸ್ವಂತ ಪಾಲೂ ಸೇರಿ ಮೂವತ್ತೆಂಟು ಸಾವಿರವಾಯಿತು. ಉಳಿದ ಎರಡು ಸಾವಿರವನ್ನು ರಾಜೀವಿ ಎಲೆಯಡಿಕೆಯ ಚೀಲದಿಂದ ತೆಗೆದು, ಯಾರಿಗೂ ಹೇಳಬೇಡವೆಂದು ಎಲ್ಲರಿಗೂ ಕೇಳುವಂತೆ ಹೇಳಿ ಕೊಟ್ಟಳು. ಆ ಭಾನುವಾರ ಹಂಗಾರಕಟ್ಟೆಗೆ ಹೋದಾಗ ಮಂಜಯ್ಯನ ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ. ಭೋಜರಾಜ ಮೂರು ಸಲ ಬಡಿಸಿಕೊಂಡ. ಆ ಮನೆಯಲ್ಲಿ ಅವನು ಹೊಟ್ಟೆತುಂಬ ಉಂಡದ್ದು ಅದೇ ಮೊದಲು.

*

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮೋಕ್ಷಿತಾ ಎರಡು ಚೀಲ ಹಿಡಿದು ಹೆದ್ದಾರಿಯ ಬದಿಯಲ್ಲಿ ನಿಂತಿದ್ದಳು. ಕಡಲಿಗೆ ಹೋಗದ ದಿನವಾದ್ದರಿಂದ ದೋಣಿಯ ಅರ್ಧಕ್ಕೂ ಹೆಚ್ಚು ಜನ ಅಲ್ಲೇ ಇದ್ದರು. ಬಸ್ಸು ಕಾಣಿಸಿಕೊಂಡಾಗ ಗುಡ್ಡ ಜನರನ್ನು ಸರಿಸಿಕೊಂಡು ಬಂದ. ಒಂದು ವಾರಕ್ಕೆಂದು ತೆಗೆದುಕೊಂಡ ಶಾಲನ್ನು, ಮಳೆ ಬಂದ ದಿನಗಳು ವಾರಕ್ಕೆ ಸೇರುವುದಿಲ್ಲವೆಂಬ ನ್ಯಾಯ ಹೇಳಿ, ಎಂಟು ವಾರವೂ ಯಾರಿಗೂ ಕೊಡದೆ ಇಟ್ಟುಕೊಂಡಿದ್ದ. ಅದನ್ನೀಗ ಬಿಚ್ಚಿ ಹುಡುಗಿಯ ಹೆಗಲಿಗೆ ಹಾಕಿದ. ನುಸಿಗುಳಿಗೆಯ ವಾಸನೆ ಹೋಗಿ, ಉಪ್ಪು, ಬೀಡಿ, ಮೀನು ಎಲ್ಲ ಸೇರಿದ ಇನ್ನೊಂದು ವಾಸನೆ ಅದಕ್ಕೆ ಬಂದಿತ್ತು.

“ಹಾಸ್ಟೆಲಂಗೆ ಫ್ಯಾನ್ ಜೋರಂಬ್ರ್. ಹೊದ್ಕೋ.”

“ಗುಡ್ಡಣ್ಣ, ಅದ್ ನನ್ನ ವಾರ!” ಎಂದು ಹಿಂದಿನಿಂದ ಅಕ್ಷಯ್ ಕೂಗಿದ.

“ನಿನ್ನ ವಾರ ನಾಕ್ ವರ್ಷ ಬಿಟ್ಟ್ ಬತ್ತ್. ಕಾಯಿ!”

ಬಸ್ಸು ನಿಂತಿತು. ಬಾಗಿಲಿಗೆ ಒಮ್ಮೆಲೇ ಮುತ್ತಿದ ಗುಂಪನ್ನು ಕಂಡು ಕಂಡಕ್ಟರ್ ಗಾಬರಿಯಾದ.

“ಹ್ವಾಯ್, ಇಷ್ಟ್ ಜನವೂ ಮಂಗ್ಳೂರಿಗಾ?”

ಭೋಜರಾಜ ಮಗಳ ಚೀಲವನ್ನು ಮೇಲಕ್ಕೆತ್ತಿ ಕೊಟ್ಟು, ಹಿಂದೆ ಸರಿದು ಉಳಿದವರ ಸಾಲಿನಲ್ಲಿ ನಿಂತ.

“ಹೋಪ್ದ್ ಅವ್ಳೊಬ್ಳೇ,” ಎಂದ. “ನಾವೆಲ್ಲ ಪಾಲಿನವ್ರ್.”